ಎಣ್ಣೆಯಕ್ಕ ಮತ್ತು ಸೀಳಿಲ್ಲದ ಬುಶ್

ನನ್ನ ಅತ್ತೆ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವರು. ಇದನ್ನು ಯಾರ ಮುಂದೆ ಹೇಳಿದರೂ ಮೊದಲು ಅವರ ಮುಖದ ಮೇಲೆ ಒಂದು ನಗು ಬರುತ್ತದೆ, ಆಮೇಲೆ ಒಂದು ಪ್ರಶ್ನೆ: “ಓ, ಹೊಲಿಗೆ ಮಷೀನಿಂದಾ?” ಆ ‘ದಾ’ ಎಂಬ ಎಳೆತ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೌದು, ಹೊಲಿಗೆ ಮಷೀನಿಂದೇ. ಒಂದೇ ಸೂರಿನ ಕೆಳಗೆ ಇನ್ನೂರ ನಲವತ್ತು ಮಷೀನು ಬೆಳಗಿಂದ ಸಂಜೆವರೆಗೆ ಓಡುವ ಉಡುಪಿನ ಕಾರ್ಖಾನೆ ಅದು. ಒಂದು ಮಷೀನು ಮುನಿಸಿಕೊಂಡರೆ ಅದರ ಹಿಂದಿನ ಸಾಲಿನ ಕೈಗಳೆಲ್ಲ ನಿಂತು ಬಿಡುತ್ತವೆ. ಅಂಥ ಕಡೆ ಮೂವತ್ತೊಂದು ವರ್ಷ ಎಣ್ಣೆಡಬ್ಬಿ ಹಿಡಿದು ಓಡಾಡಿದವರನ್ನು ಕಾರ್ಖಾನೆಯವರೆಲ್ಲ ‘ಎಣ್ಣೆಯಕ್ಕ’ ಅನ್ನುತ್ತಿದ್ದರು. ಆದರೆ ಅವರ ಕೆಲಸದ ಚೀಟಿಯಲ್ಲಿ ಕೊನೇ ದಿನದವರೆಗೂ ಬರೆದಿದ್ದದ್ದು ಒಂದೇ ಪದ: ಸಹಾಯಕಿ.

ಯಾರಿಗೆ ಸಹಾಯಕಿ? ಅತ್ತೆ ಹದಿನೆಂಟನೇ ವಯಸ್ಸಿಗೆ ದಾರ ಕತ್ತರಿಸುವ ಕೆಲಸಕ್ಕೆ ಸೇರಿದವರು. ಮಷೀನು ಕೆಟ್ಟಾಗ ಮೆಕ್ಯಾನಿಕ್ ಬರುವುದಕ್ಕೆ ಅರ್ಧ ದಿನ ಹಿಡಿಯುತ್ತಿತ್ತಂತೆ. ಕಾದು ಕಾದು ಬೇಜಾರಾಗಿ ಒಂದು ದಿನ ಇವರೇ ಮುಚ್ಚಳ ಬಿಚ್ಚಿದರು. ಮಷೀನು ಓಡಿತು. ಮಾರನೆಯ ದಿನದಿಂದ ಎಲ್ಲರೂ ಇವರನ್ನೇ ಕರೆದರು. ಆಮೇಲೆ ಬಂದ ಆರು ಗಂಡಸರಿಗೆ ಇವರೇ ಕೆಲಸ ಕಲಿಸಿದರು. ಆರು ಜನವೂ “ಅಕ್ಕಾ, ಅಕ್ಕಾ” ಅನ್ನುತ್ತಲೇ ಮೆಕ್ಯಾನಿಕ್ ಆದರು, ಇಬ್ಬರು ಮೇಲ್ವಿಚಾರಕರೂ ಆದರು. ಅಕ್ಕ ಮಾತ್ರ ಸಹಾಯಕಿಯಾಗಿಯೇ ಉಳಿದರು. “ಹೋಗ್ಲಿ ಬಿಡು” ಅನ್ನುತ್ತಾರೆ ಅತ್ತೆ. ನನಗೆ ಬಿಡುವುದಕ್ಕೆ ಆಗುವುದಿಲ್ಲ. ಅದಕ್ಕೇ ಕಾರಿನ ವಿಷಯ ಬರೆಯುತ್ತಿದ್ದೇನೆ.

ನಮ್ಮ ಕಾರು ನನಗಿಂತ ಐದೇ ವರ್ಷ ಚಿಕ್ಕದು. ಬಾಗಿಲು ಹಾಕಿದರೆ ಡಬ್ಬ ಬಿದ್ದ ಹಾಗೆ ಸದ್ದು, ಹಿಂದಿನ ಕಿಟಕಿಯ ಗಾಜು ಅರ್ಧಕ್ಕೇ ನಿಲ್ಲುತ್ತದೆ. ಆದರೆ ನನ್ನ ಮಗಳ ಪಾದ ಆ ಕಾರನ್ನು ನಂಬಿಕೊಂಡಿತ್ತು. ಹುಟ್ಟುವಾಗಲೇ ಅವಳ ಎರಡೂ ಪಾದ ಒಳಗೆ ತಿರುಚಿಕೊಂಡಿದ್ದವು. ಪ್ರತಿ ಗುರುವಾರ ಊರಿನ ಆ ತುದಿಯ ಆಸ್ಪತ್ರೆಗೆ ಹೋಗಿ ಹಳೇ ಪ್ಲಾಸ್ಟರ್ ಒಡೆಸಬೇಕು. ಡಾಕ್ಟರು ಪಾದವನ್ನು ಇನ್ನೊಂದಿಷ್ಟು ಹೊರಗೆ ತಿರುಗಿಸಿ ತೊಡೆವರೆಗೆ ಹೊಸದು ಹಾಕುತ್ತಾರೆ. ಐದು ವಾರ ಆಗಿತ್ತು. “ತಪ್ಪಿಸಬೇಡಿ” ಅಂದಿದ್ದರು ಡಾಕ್ಟರು. “ಮಗು ಬೆಳೆಯುತ್ತೆ, ಪ್ಲಾಸ್ಟರ್ ಬೆಳೆಯೋದಿಲ್ಲ.” ಈ ಮಾತು ನನ್ನ ತಲೆಯೊಳಗೆ ಮೊಳೆ ಹೊಡೆದ ಹಾಗೆ ಕೂತಿತ್ತು. ಬಾಡಿಗೆ ಕಾರಿನವರು ಬರುತ್ತೇನೆಂದು ಎರಡು ಸಲ ಕೈ ಕೊಟ್ಟಿದ್ದರು. ಬಸ್ಸಿನ ನೂಕುನುಗ್ಗಲಲ್ಲಿ ಎರಡೂವರೆ ತಿಂಗಳ ಕೂಸಿನ ಪ್ಲಾಸ್ಟರ್ ಕಾಲು ಹಿಡಿದು ನಿಲ್ಲುವ ಧೈರ್ಯ ನನಗಿರಲಿಲ್ಲ. ಗಂಡನಿಗೆ ಬೇರೆ ಊರಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಾನೆ. ಹಾಗಾಗಿ ಓಡಿಸುವವಳು ನಾನೇ.

ಐದನೇ ಗುರುವಾರ ವಾಪಸ್ಸು ಬರುವಾಗ ಸ್ಟೀರಿಂಗಿನೊಳಗೆ ಏನೋ ಬಡಿಯಿತು. ಸಣ್ಣ ಗುಂಡಿಗೆ ಇಳಿದರೂ ಟಕ್. ಚಕ್ರ ನೆಟ್ಟಗಿದ್ದರೂ ಸ್ಟೀರಿಂಗ್ ಎರಡು ಬೆರಳಿನಷ್ಟು ಅತ್ತ ಇತ್ತ ಆಡುತ್ತಿತ್ತು, ಹಲ್ಲು ಸಡಿಲವಾದ ಹಾಗೆ. ಶುಕ್ರವಾರ ಬೆಳಿಗ್ಗೆಯೇ ಗ್ಯಾರೇಜಿಗೆ ಹೋದೆ. ಯಜಮಾನ ಬೀದಿಯ ಕೊನೆವರೆಗೆ ಓಡಿಸಿಕೊಂಡು ಬಂದು ಕೀ ಕೈಗಿಟ್ಟ.

“ಏನೂ ಇಲ್ಲಮ್ಮಾ. ಹಳೇ ಗಾಡಿ, ಮಾತಾಡುತ್ತೆ.”

“ಮಾತಾಡೋದಲ್ಲ, ಬಡಿಯುತ್ತೆ. ಸ್ಟೀರಿಂಗು ಸಡಿಲ ಇದೆ.”

ಅವನು ನನ್ನ ತೋಳಲ್ಲಿದ್ದ ಮಗುವನ್ನು ನೋಡಿ ನಕ್ಕ. “ಬಾಣಂತಿ ಕಿವಿ ಸೂಕ್ಷ್ಮ. ಇನ್ನೊಂದೆರಡು ತಿಂಗಳು, ತಾನಾಗೇ ಸರಿ ಹೋಗುತ್ತೆ.”

ಸರಿ ಹೋಗುವುದು ಯಾವುದು, ಕಾರೋ ಕಿವಿಯೋ? ಕೇಳಬೇಕಿತ್ತು. ಕೇಳಲಿಲ್ಲ. ಮನೆಗೆ ಬಂದು ಗಂಡನಿಗೆ ಫೋನ್ ಮಾಡಿ ಅವನ ಮೇಲೆ ಹರಿಹಾಯ್ದೆ.

“ಅವರು ಇಪ್ಪತ್ತು ವರ್ಷದಿಂದ ಗ್ಯಾರೇಜ್ ನಡೆಸ್ತಿದಾರೆ ಕಣೇ,” ಅಂದ ಅವನು. “ಹೋದ ತಿಂಗಳು ನೀನು ಫ್ರಿಜ್ಜು ಸಿಡಿಯುತ್ತೆ ಅಂದಿದ್ದೆ.”

“ಅದು ಬೇರೆ.”

“ಅದಕ್ಕೂ ಮುಂಚೆ ನೀರಿನ ಟ್ಯಾಂಕು.”

“ಅದೂ ಬೇರೆ!”

ನಾನು ಹೆದರುಪುಕ್ಕಲಿ, ಒಪ್ಪುತ್ತೇನೆ. ಮಗು ಉಸಿರಾಡುತ್ತಿದೆಯಾ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವವಳು. ಹಾಗಂತ ಹತ್ತು ಸಲ ಸುಮ್ಮನೆ ಹೆದರಿದವಳ ಕೈಗೆ ಹನ್ನೊಂದನೇ ಸಲ ನಿಜವಾಗಿ ಟಕ್ ಎಂದು ಬಡಿಯಬಾರದೇ?

ಫೋನಿಟ್ಟು ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು, ಒದ್ದೆ ಕೈ ಒರೆಸಿಕೊಳ್ಳುತ್ತ. ಅವರು ನಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು: “ನಿನಗದು ಕೈಗೆ ಬರುತ್ತಾ, ಕಾಲಿಗೆ ಬರುತ್ತಾ?”

ಯೋಚಿಸಿದೆ. “ಕೈಗೆ.”

“ಹಾಗಾದ್ರೆ ಬಾ.”

ಮನೆಯ ಪಕ್ಕದ ಸಿಮೆಂಟಿನ ಓಣಿಯಲ್ಲಿ ಕಾರು ನಿಂತಿತ್ತು. ಅತ್ತೆ ಹಳೇ ಚಾಪೆ ಹಾಸಿ, ಮುಂದಿನ ಚಕ್ರದ ಹಿಂದೆ ಭುಜದವರೆಗೆ ಕೈ ತೂರಿಸಿದರು. ನಾನು ಒಳಗೆ ಕೂತು ಸ್ಟೀರಿಂಗನ್ನು ಅವರು ಹೇಳಿದಷ್ಟೇ ಅಲ್ಲಾಡಿಸಿದೆ.

“ಇನ್ನೂ ಸಣ್ಣಕ್ಕೆ. ಮಗು ತೊಟ್ಟಿಲು ತೂಗಿದ ಹಾಗೆ. ಹಾಂ… ನಿಲ್ಲಿಸು.” ಕೈ ಹೊರಗೆ ಬಂತು, ಮೊಣಕೈವರೆಗೆ ಮಸಿ. “ಬುಶ್ ಹೋಗಿದೆ.”

ಆಮೇಲೆ ವಿವರಿಸಿದರು. ಸ್ಟೀರಿಂಗ್ ತಿರುಗಿಸಿದರೆ ಒಂದು ಉಕ್ಕಿನ ದಂಡ ಎಡಕ್ಕೂ ಬಲಕ್ಕೂ ಸರಿದು ಚಕ್ರಗಳನ್ನು ಎಳೆಯುತ್ತದೆ. ದಂಡ ಓಡುವ ಕೊಳವೆಯ ತುದಿಯಲ್ಲಿ, ಡ್ರೈವರ್ ಇಲ್ಲದ ಕಡೆ, ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಬಳೆಯಂಥದ್ದು ದಂಡವನ್ನು ಅಲ್ಲಾಡದಂತೆ ಹಿಡಿದಿರುತ್ತದೆ. ಅದೇ ಬುಶ್. ಅದು ಸವೆದಿದೆ.

“ನಿಮಗೆ ಕಾರಿನ ಕೆಲಸ ಯಾವಾಗ ಬಂತು?”

“ಬರಲ್ಲ. ಹೊಲಿಗೆ ಮಷೀನಲ್ಲಿ ಸೂಜಿ ಕಟ್ಟಿರೋ ದಂಡ ಇರುತ್ತಲ್ಲ, ಅದಕ್ಕೂ ಹೀಗೇ ಬುಶ್. ಅಲ್ಲಿ ದಂಡ ಮೇಲೆ ಕೆಳಗೆ ಓಡುತ್ತೆ, ಇಲ್ಲಿ ಅಡ್ಡ ಓಡುತ್ತೆ. ಅಷ್ಟೇ.”

“ಅಷ್ಟೇ ಅಲ್ಲ ಅತ್ತೆ! ಅಲ್ಲಿ ತಪ್ಪಾದ್ರೆ ಅಂಗಿ ತೋಳು ಸೊಟ್ಟ. ಇಲ್ಲಿ ತಪ್ಪಾದ್ರೆ ನಿಮ್ಮ ಮೊಮ್ಮಗಳು.”

ಅವರು ಎದ್ದು ಚಾಪೆ ಸುತ್ತಿದರು. ಹೇಳಬಾರದಿತ್ತು. ಆದರೂ ಆ ಹೊತ್ತಿಗೆ ನನಗೆ ಅವರ ಮೇಲೂ ಸಿಟ್ಟಿತ್ತು, ‘ಅಷ್ಟೇ’ ಅಂದದ್ದಕ್ಕೆ.

ಶನಿವಾರ ಇಬ್ಬರೂ ಗ್ಯಾರೇಜಿಗೆ ಹೋದೆವು. ಅತ್ತೆ ಎಲ್ಲಿ ಕೈಯಿಟ್ಟರೆ ಗೊತ್ತಾಗುತ್ತದೆ ಎಂದು ತೋರಿಸಿದರು. ಯಜಮಾನ ಕೈಯಿಟ್ಟ. ಅವನ ಮುಖ ಒಂದು ಗಳಿಗೆ ಬದಲಾದದ್ದನ್ನು ನಾನು ನನ್ನ ಕಣ್ಣಾರೆ ನೋಡಿದೆ. ಆದರೆ “ಹೌದು, ನಿನ್ನೆ ನನ್ನಿಂದ ತಪ್ಪಾಯಿತು” ಅನ್ನುವ ಮಾತು ಬರಲಿಲ್ಲ.

“ಅದನ್ನೇ ನಾನೂ ಹೇಳಿದ್ದು, ಹಳೇ ಗಾಡಿ ಅಂತ. ಬುಶ್ ಒಂದೇ ಬರಲ್ಲಮ್ಮಾ. ದಂಡ, ಕೊಳವೆ ಸೇರಿ ಇಡೀ ಅಸೆಂಬ್ಲಿ ಹಾಕಬೇಕು. ತರಿಸೋಕೆ ಮೂರು ವಾರ.”

“ಗುರುವಾರ ಆಸ್ಪತ್ರೆಗೆ ಹೋಗ್ಬೇಕು,” ಅಂದೆ.

“ಹೋಗಿ ಬನ್ನಿ, ನಿಧಾನಕ್ಕೆ. ಏನಾಗುತ್ತೆ?”

ಏನಾಗುತ್ತೆ! ನಿನ್ನೆ ಇಲ್ಲದ ಸದ್ದು ಇವತ್ತು ಮೂರು ವಾರದ ಕೆಲಸವಾಯಿತು, ಆದರೂ ಏನಾಗುತ್ತೆ! ನನ್ನ ಬಾಯಿಂದ ಏನು ಬರುತ್ತಿತ್ತೋ, ಅಷ್ಟರಲ್ಲಿ ಅತ್ತೆ ನನ್ನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. “ಅವನ ಹತ್ರ ಬಾಯಿ ಸವೆಸ್ಬೇಡ. ಮನೇಲೇ ಮಾಡೋಣ.”

ಆ ರಾತ್ರಿಯೆಲ್ಲ ಕಾರಿನ ಜೊತೆ ಬಂದ ಪುಸ್ತಕ ಓದಿದೆ. ಜಾಕಿನ ಮೇಲೆ ನಿಂತ ಕಾರಿನಡಿ ಯಾರೂ ಹೋಗಬಾರದು ಎಂದಿತ್ತು. ಅತ್ತೆಗೆ ಅದನ್ನು ಮೂರು ಸಲ ಓದಿ ಹೇಳಿದೆ. ಮೂರನೇ ಸಲಕ್ಕೆ ಅವರು, “ಹುಡುಗಿ, ನಾನು ನಿನ್ನ ಗಂಡನ್ನ ಹೆತ್ತೋಳು, ನನಗೂ ಜೀವದ ಮೇಲೆ ಆಸೆ ಇದೆ,” ಅಂದು, ಮಾರನೆಯ ದಿನ ಬಿಡಿಭಾಗ ಕಡೆದುಕೊಡುವ ಪರಿಚಯದ ಲೇತ್ ಅಂಗಡಿಯಿಂದ ಎರಡು ಕಬ್ಬಿಣದ ಸ್ಟ್ಯಾಂಡ್ ತಂದು ಕಾರಿನ ಮುಂಭಾಗಕ್ಕೆ ಆನಿಸಿದರು.

ಸೋಮವಾರ ಕೆಲಸ ಶುರುವಾಯಿತು. ಎದುರುಮನೆ ಟೀಚರಮ್ಮ ಮಗುವನ್ನು ನೋಡಿಕೊಂಡರು. ಚಕ್ರ ಕಳಚಿತು. ದಂಡದ ತುದಿಯ ಜೋಡಣೆ ಬಿಚ್ಚುವ ಮೊದಲು ಅತ್ತೆ ಹೊರಗೆ ಕಾಣುವ ತಿರುಪಿನ ಎಳೆಗಳನ್ನು ಉಗುರಿಂದ ಎಣಿಸಿದರು. “ಹದಿನಾಲ್ಕು. ಬರ್ಕೋ. ವಾಪಸ್ಸು ಹಾಕುವಾಗ ಹದಿನಾಲ್ಕೇ ಇರ್ಬೇಕು, ಇಲ್ದಿದ್ರೆ ಚಕ್ರ ಸೊಟ್ಟ ನೋಡುತ್ತೆ.” ದಂಡದ ತುದಿಗೆ ಹೊದಿಸಿದ್ದ ರಬ್ಬರಿನ ಚೀಲ ಸರಿಸಿ, ಹಳೇ ಸ್ಕ್ರೂಡ್ರೈವರಿನ ತುದಿ ಬಗ್ಗಿಸಿ ಮಾಡಿದ ಕೊಕ್ಕೆಯಿಂದ ಬುಶ್ಶನ್ನು ಎಳೆದರು. ಬಂತು. ಅಂಚು ತಿಂದುಹೋದ, ಕಂದುಬಣ್ಣದ, ಉದ್ದಕ್ಕೆ ಒಂದು ಸೀಳಿದ್ದ ಬಳೆ.

“ನೋಡು, ಒಡೆದೇ ಹೋಗಿದೆ,” ಅಂದರು ಅತ್ತೆ. “ಸೀಳಿದ ಬುಶ್ ಸತ್ತ ಬುಶ್.”

ಅದನ್ನು ಹಿಡಿದು ಲೇತ್ ಅಂಗಡಿಗೆ ಹೋದೆವು. ಅಲ್ಲಿಯ ಲೇತಿನಣ್ಣ ಅತ್ತೆಯ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುತ್ತಿದ್ದವನು. ಅತ್ತೆಯನ್ನು ಕಂಡರೆ ಎದ್ದು ನಿಲ್ಲುತ್ತಾನೆ. ನಾನು ಕಂಡಂತೆ ಹಾಗೆ ಎದ್ದು ನಿಲ್ಲುವ ಗಂಡಸು ಅವನೊಬ್ಬನೇ. “ಎಣ್ಣೆಯಕ್ಕಾ, ಕಾರು ಯಾವಾಗ ಹೊಲಿಯೋಕೆ ಶುರು ಮಾಡ್ತು?” ಅಂತ ರೇಗಿಸಿದ. ಹೊಸ ನೈಲಾನ್ ಸರಳಿನಿಂದ ಅಳತೆಗೆ ಸರಿಯಾಗಿ ಹೊಸ ಬುಶ್ ಕಡೆದುಕೊಟ್ಟ. ಮಂಗಳವಾರ ಅತ್ತೆ ಅದನ್ನು ಮರದ ತುಂಡಿಟ್ಟು ತಟ್ಟಿ ತಟ್ಟಿ ಕೂರಿಸಿ, ಗ್ರೀಸ್ ಹಚ್ಚಿ ದಂಡ ಜೋಡಿಸಿದರು. ಹದಿನಾಲ್ಕು ಎಳೆ, ಇಬ್ಬರೂ ಎಣಿಸಿದೆವು.

ಅತ್ತೆಗೆ ಒಂದು ಕಟ್ಟುನಿಟ್ಟು ಇತ್ತು. ಕಾರ್ಖಾನೆಯಲ್ಲಿ ರಿಪೇರಿಯಾದ ಮಷೀನನ್ನು ಯಾರ ಕೈಗೂ ಹಾಗೇ ಕೊಡುತ್ತಿರಲಿಲ್ಲ. ಮೊದಲು ತಾನು ತೊಟ್ಟ ಮೇಲಂಗಿಯ ಅಂಚನ್ನೇ ಅದರಡಿ ಇಟ್ಟು ಒಂದು ಗೇಣು ಹೊಲಿಯುತ್ತಿದ್ದರು. ಚಿಂದಿ ಬಟ್ಟೆಯ ಮೇಲೆ ಹೊಲಿದರೆ ಯಾರೂ ಮನಸ್ಸಿಟ್ಟು ನೋಡುವುದಿಲ್ಲ ಅನ್ನುವುದು ಅವರ ವಾದ. ಆ ಮೇಲಂಗಿ ಈಗಲೂ ಕಪಾಟಿನಲ್ಲಿದೆ, ಅಂಚಿನ ಸುತ್ತ ಕೆಂಪು, ನೀಲಿ, ಹಳದಿ, ಬಿಳಿ ಹೊಲಿಗೆಗಳ ರಾಶಿ. ಕಾರು ಓಡಿಸಲು ಅತ್ತೆಗೆ ಬರುವುದಿಲ್ಲ. ಅದಕ್ಕೆ ಬುಧವಾರ ಬೆಳಿಗ್ಗೆ ಮುಂದಿನ ಸೀಟಲ್ಲಿ ಬಂದು ಕೂತರು.

“ಮಗು ಟೀಚರ್ ಹತ್ರ ಇರ್ಲಿ. ಮೊದಲು ನಾನು ಬರ್ತೀನಿ. ನಡಿ.”

ಬಡಿತ ಇರಲಿಲ್ಲ. ಗುಂಡಿಗೆ ಇಳಿಸಿದೆ, ಇಲ್ಲ. ಇನ್ನೊಂದು ಗುಂಡಿ, ಇಲ್ಲ. ಅತ್ತೆಯ ತುಟಿಯಂಚಲ್ಲಿ ನಗು. ಬೀದಿ ಕೊನೆಯಲ್ಲಿ ಎಡಕ್ಕೆ ತಿರುಗಿಸಿದೆ. ಸ್ಟೀರಿಂಗ್ ಬಿಗಿಯಾಗಿತ್ತು. ತಿರುವು ಮುಗಿಯಿತು. ಸಾಮಾನ್ಯವಾಗಿ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನಾಗಿ ಹಿಂದಕ್ಕೆ ಬರುತ್ತದೆ. ಈಗ ಬರಲಿಲ್ಲ. ತಿರುಗಿಸಿದಲ್ಲೇ ಕೂತಿತು. ನಾನು ಕಷ್ಟಪಟ್ಟು ಎಳೆದು ನೆಟ್ಟಗೆ ಮಾಡುವಷ್ಟರಲ್ಲಿ ಕಾರು ಎದುರಿನ ಗೋಡೆಗೆ ಎರಡು ಮಾರು ದೂರದಲ್ಲಿತ್ತು.

ಬ್ರೇಕ್ ಒತ್ತಿ ನಿಲ್ಲಿಸಿ, “ಬಿಗಿ ಇದೆ! ವಾಪಸ್ಸು ಬರ್ತಿಲ್ಲ!” ಎಂದು ಕೂಗಿದೆ.

“ಹೊಸದಲ್ವಾ, ಬಿಗಿ ಇರುತ್ತೆ. ಓಡ್ತಾ ಓಡ್ತಾ ಸಡಿಲ ಆಗುತ್ತೆ.”

ಗ್ಯಾರೇಜಿನವನ ಮಾತೇ! ತಾನಾಗೇ ಸರಿ ಹೋಗುತ್ತೆ! ಈ ಒಂದು ಮಾತನ್ನು ನಾನು ಅವರ ಬಾಯಿಂದ ನಿರೀಕ್ಷಿಸಿರಲಿಲ್ಲ.

“ಓಡ್ತಾ ಓಡ್ತಾ ಅಂದ್ರೆ ಯಾರನ್ನ ಕೂರಿಸ್ಕೊಂಡು ಓಡ್ತಾ ಅತ್ತೆ? ನೀವೂ ನನ್ನ ಮಾತು ಕೇಳೋದಿಲ್ಲ ಅಂದ್ರೆ ಇನ್ಯಾರು ಕೇಳ್ತಾರೆ?”

ನಡಿಗೆಯ ವೇಗದಲ್ಲಿ ಮನೆವರೆಗೆ ಬಂದೆವು. ಕಾರನ್ನು ಓಣಿಯೊಳಗೆ ನಿಲ್ಲಿಸಿ, ಸಿಟ್ಟು ಎಲ್ಲಿ ಹಾಕುವುದೆಂದು ತಿಳಿಯದೆ ಉಪಕರಣಗಳನ್ನು ಧಡಬಡ ಎತ್ತಿಡತೊಡಗಿದೆ. ಹಳೇ ಬುಶ್ ಕೈಗೆ ಸಿಕ್ಕಿತು. ಬಿಸಾಡಲು ಕೈ ಎತ್ತಿದವಳು ಅದರ ಸೀಳನ್ನು ನೋಡಿದೆ. ಒಡೆದ ಬಿರುಕು ಎಂದಾದರೂ ಅಷ್ಟು ನೆಟ್ಟಗಿರುತ್ತದೆಯೇ? ಒಂದು ತುದಿಯಿಂದ ಇನ್ನೊಂದಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿತ್ತು. ಎರಡೂ ಅಂಚು ನುಣುಪು.

“ಅತ್ತೆ, ಇದು ಒಡೆದಿದ್ದಲ್ಲ. ಕತ್ತರಿಸಿದ್ದು.”

ಅವರು ಬೇಕೆಂದೇ ಬರುವುದಿಲ್ಲವೇನೋ ಅಂದುಕೊಂಡೆ. ಬಂದರು. ಕನ್ನಡಕ ಹಣೆಗೇರಿಸಿ, ಬುಶ್ಶನ್ನು ಮೂಗಿನ ಹತ್ತಿರ ತಂದು, ಬಿಸಿಲಿಗೆ ಹಿಡಿದು ತಿರುಗಿಸಿದರು. ಬೆರಳುಗಳ ನಡುವೆ ಒತ್ತಿದರು. ಸೀಳು ಮುಚ್ಚಿಕೊಂಡಿತು. ಬಿಟ್ಟರು, ತೆರೆದುಕೊಂಡಿತು. ಹಾಗೆ ನಾಲ್ಕು ಸಲ.

“ಥೂ,” ಅಂದರು ಅತ್ತೆ. “ಇದಕ್ಕೆ ಉಸಿರಾಡೋಕೆ ಜಾಗ ಬಿಟ್ಟಿದಾರೆ. ಕೊಳವೆಯೊಳಗೆ ಕೂತ್ಮೇಲೆ ಸೀಳು ಮುಚ್ಕೊಳ್ಳುತ್ತೆ, ದಂಡಕ್ಕೆ ಜಾಗ ಉಳಿಯುತ್ತೆ. ನಂದಕ್ಕೆ ಸೀಳಿಲ್ಲ. ತಟ್ಟಿ ಕೂರಿಸಿದಾಗ ಒಳಗೇ ಕುಗ್ಗಿ ದಂಡದ ಕತ್ತು ಹಿಡ್ಕೊಂಡಿದೆ.” ಚಾಪೆಯ ಮೇಲೆ ಕೂತುಬಿಟ್ಟರು. “ಹೊಲಿಗೆ ಮಷೀನಿನ ಬುಶ್ಶಲ್ಲಿ ಸೀಳು ಕಂಡ್ರೆ ಹಾಳಾಯ್ತು ಅಂತ ಲೆಕ್ಕ. ಅದೇ ಕಣ್ಣಲ್ಲಿ ನೋಡಿದೆ. ತಪ್ಪು ನಂದೇ ಕಣೇ. ಬೆಳಿಗ್ಗೆ ನೀನು ಹೇಳಿದಾಗಲೂ ಕೇಳ್ಲಿಲ್ಲ, ಅದು ಎರಡನೇ ತಪ್ಪು.”

ಒಬ್ಬರು ಇಷ್ಟು ಸಲೀಸಾಗಿ ‘ತಪ್ಪು ನಂದೇ’ ಅಂದದ್ದನ್ನು ನಾನು ಮದುವೆಯಾದಂದಿನಿಂದ ಕೇಳಿರಲಿಲ್ಲ. ಗಂಡ ಅಂದವನಲ್ಲ, ಗ್ಯಾರೇಜಿನವನು ಅಂದವನಲ್ಲ. ನಿಜ ಹೇಳಬೇಕೆಂದರೆ ನಾನೂ ಅಂದವಳಲ್ಲ. ಹೊಲಿಗೆ ಮಷೀನು ಎಂದು ಮೂದಲಿಸಿದ ಮಾತು ನನ್ನ ನಾಲಿಗೆಯಿಂದಲೂ ಬಂದಿತ್ತು. “ಶುಕ್ರವಾರ ನಾನು ಹಾಗೆ ಅನ್ನಬಾರದಿತ್ತು,” ಅಂದೆ.

“ಯಾವುದು? ಅಂಗಿ ತೋಳು ಸೊಟ್ಟ ಅಂದಿದ್ದಾ? ಸರಿಯಾಗೇ ಅಂದೆ. ನೋಡು, ಸೊಟ್ಟ ಆಯ್ತಲ್ಲ. ಹ್ಞೂಂ, ಏಳು, ಗರಗಸದ ಬ್ಲೇಡ್ ತಾ.”

ಮತ್ತೆ ಜಾಕ್, ಮತ್ತೆ ಸ್ಟ್ಯಾಂಡ್, ಮತ್ತೆ ಹದಿನಾಲ್ಕು ಎಳೆ. ಬಿಗಿಯಾಗಿ ಕೂತಿದ್ದ ಹೊಸ ಬುಶ್ ಕೊಕ್ಕೆಗೆ ಬಗ್ಗಲಿಲ್ಲ. ಒಂದು ಗಂಟೆ ಸೆಣಸಿ ಹೊರಗೆ ತೆಗೆದರು. ಸ್ಕೇಲ್ ಇಟ್ಟು ನಾನು ಗೆರೆ ಎಳೆದೆ, ಅತ್ತೆ ಕೊಯ್ದರು. ಸೀಳಿನ ಅಂಚನ್ನು ಉಜ್ಜುಕಾಗದದಿಂದ ನುಣುಪು ಮಾಡಿ, ಒಳಗೆ ಕೂರಿಸಿ, ದಂಡವನ್ನು ಕೈಯಿಂದಲೇ ಸರಿಸಿ ನೋಡಿದರು. ಜಾರಿತು, ಆದರೆ ಅಲ್ಲಾಡಲಿಲ್ಲ. ಮಧ್ಯಾಹ್ನ ಮತ್ತೆ ಇಬ್ಬರೇ ಹೊರಟೆವು. ಅದೇ ತಿರುವು. ಕೈ ಸಡಿಲ ಬಿಟ್ಟೆ. ಸ್ಟೀರಿಂಗ್ ತಾನಾಗಿ ತಿರುಗಿ ನೆಟ್ಟಗಾಯಿತು. ನಾನು ಆ ತಿರುವನ್ನು ಒಂಬತ್ತು ಸಲ ಸುತ್ತಿದೆ. ಬೆಳಿಗ್ಗೆ ಗುದ್ದಲಿದ್ದ ಆ ಗೋಡೆಯ ಮನೆಯವರು ಹೊರಗೆ ಬಂದು, “ಯಾರ ಮನೆ ಹುಡುಕ್ತಿದೀರಮ್ಮಾ?” ಎಂದು ಕೇಳಿದರು.

ಎಳೆ ಎಣಿಸಿದ್ದರೂ ಚಕ್ರದ ನೇರವನ್ನು ಒಮ್ಮೆ ಯಂತ್ರದ ಮೇಲಿಟ್ಟು ನೋಡಿಸಬೇಕು ಎಂದು ಅತ್ತೆಯೇ ಹೇಳಿದರು. ಆ ಯಂತ್ರ ಇರುವುದು ಅದೇ ಗ್ಯಾರೇಜಿನಲ್ಲಿ. ಸಂಜೆ ಅಲ್ಲಿಗೇ ಹೋದೆವು. ಯಜಮಾನ ಓಡಿಸಿ ನೋಡಿದ, ಬಗ್ಗಿ ನೋಡಿದ, ಕೈಯಿಟ್ಟೂ ನೋಡಿದ.

“ಎಲ್ಲಿ ಮಾಡಿಸಿದ್ರಿ? ಕೈ ಪಳಗಿದೆ.”

“ಮನೇಲಿ. ಇವರೇ ಮಾಡಿದ್ದು.”

ಅವನು ಅತ್ತೆಯನ್ನು ನೋಡಿದ, ಅತ್ತೆಯ ಹಿಂದೆ ನೋಡಿದ, ಯಾರಾದರೂ ಗಂಡಸು ನಿಂತಿದ್ದಾನೇನೋ ಎಂಬಂತೆ. “ಅಲ್ಲಮ್ಮಾ, ಬೋಲ್ಟು ಬಿಚ್ಚಿದ್ದು ಯಾರು?”

“ಇವರು.”

“ಬುಶ್ ಹಾಕಿದ್ದು?”

“ಇವರು! ಇವರು ಮೂವತ್ತೊಂದು ವರ್ಷ ಮೆಕ್ಯಾನಿಕ್ಕು. ನಿಮಗಿಂತ ಹನ್ನೊಂದು ವರ್ಷ ಜಾಸ್ತಿ. ಇವರು ಕೈಯಿಟ್ಟ ಕಡೆ ಕೈಯಿಟ್ಟಮೇಲೇ ನಿಮಗೆ ಸದ್ದು ಕೇಳಿಸಿದ್ದು. ನನ್ನ ಕಿವಿ ಬಾಣಂತಿ ಕಿವಿ, ನಿಮ್ಮದು ಯಾವ ಕಿವಿ?”

ಗ್ಯಾರೇಜಿನಲ್ಲಿ ಸುತ್ತಿಗೆ ಸದ್ದು ನಿಂತಿತು. ಯಜಮಾನ ಕೆಮ್ಮಿದ. ಆಮೇಲೆ ತಾನೇ ಕಾರನ್ನು ಯಂತ್ರದ ಮೇಲೇರಿಸಿದ. ಕೂದಲೆಳೆಯಷ್ಟು ವ್ಯತ್ಯಾಸ, ಐದು ನಿಮಿಷದ ಕೆಲಸ. ಮುಗಿಸಿ ಅತ್ತೆಗೆ, “ಬುಶ್ ಎಲ್ಲಿ ಕಡೆಸಿದ್ರಿ?” ಎಂದು ಮೆಲ್ಲಗೆ ಕೇಳಿದ. ಅತ್ತೆ ಲೇತಿನಣ್ಣನ ಅಂಗಡಿಯ ದಾರಿಯನ್ನು ಅಚ್ಚುಕಟ್ಟಾಗಿ ಹೇಳಿದರು. “ಸೀಳು ಬಿಡಿಸೋದು ಮರೀಬೇಡಪ್ಪಾ” ಅಂತಲೂ ಹೇಳಿದರು. ನಾನಾಗಿದ್ದರೆ ಹೇಳುತ್ತಿರಲಿಲ್ಲ. ಇವತ್ತಿಗೂ ಹೇಳುವುದಿಲ್ಲ.

ಗುರುವಾರ ಮಗುವನ್ನು ಹಿಂದಿನ ಸೀಟಲ್ಲಿ ಕಟ್ಟಿ, ಅವಳ ಪಕ್ಕದಲ್ಲಿ ಅತ್ತೆಯನ್ನು ಕೂರಿಸಿ ಹೊರಟೆ. ಅಗೆದು ಬಿಟ್ಟ ರಸ್ತೆ ದಾಟಿತು, ದೊಡ್ಡ ಸೇತುವೆ ದಾಟಿತು, ಸೇತುವೆಯಿಂದ ಇಳಿಯುವ ಕಡಿದಾದ ತಿರುವೂ ದಾಟಿತು. ಕಾರು ಹೇಳಿದ ಕಡೆ ತಿರುಗಿತು, ಬಿಟ್ಟ ಕಡೆ ನೆಟ್ಟಗಾಯಿತು. ಇಪ್ಪತ್ತು ನಿಮಿಷ ಮೊದಲೇ ತಲುಪಿದೆವು. ಪ್ಲಾಸ್ಟರ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತ ಮೇಲೆ ಅತ್ತೆ ಉದ್ದಕ್ಕೆ ಉಸಿರು ಬಿಟ್ಟರು.

“ಸೇತುವೆ ಹತ್ರ ಬಲೇ ಹೆದರಿಕೆ ಆಗಿತ್ತು ಕಣೇ.”

“ಯಾಕೆ?”

“ನಾನು ಮಾಡಿದ್ದಲ್ವಾ. ತಿರುವು ಬಂದಾಗೆಲ್ಲ ಕಣ್ಣು ಮುಚ್ಕೊಂಡಿದ್ದೆ.”

ನನಗೆ ನಖಶಿಖಾಂತ ಉರಿಯಿತು. “ಹೆದರಿಕೆ ಇದ್ರೆ ಮೊದ್ಲೇ ಹೇಳ್ಬೇಕು ತಾನೇ! ನಾನಿಲ್ಲಿ ಆಗಾಗ ಕನ್ನಡೀಲಿ ನಿಮ್ಮ ಮುಖ ನೋಡಿ ಧೈರ್ಯ ತಗೊಂಡು ಓಡಿಸ್ತಿದ್ದೆ!”

“ಹೇಳಿದ್ರೆ ನೀನು ಓಡಿಸ್ತಿದ್ಯಾ?”

“ಇಲ್ಲ!”

“ಮತ್ತೆ?”

“ಮತ್ತೆ ಏನು ಮತ್ತೆ? ಮನೆಗೆ ನಡೀರಿ, ಮಾತಾಡ್ತೀನಿ ನಿಮ್ಹತ್ರ,” ಎಂದು ನಾನು ಏರುದನಿಯಲ್ಲಿ ಶುರು ಮಾಡಿದೆ. ಬಾಗಿಲು ತೆರೆದ ನರ್ಸು ನಮ್ಮಿಬ್ಬರನ್ನೂ ನೋಡಿ, ಜಗಳ ಮುಗಿಯುತ್ತದೋ ಇಲ್ಲವೋ ಎಂದು ಒಂದು ಕ್ಷಣ ನಿಂತು, ಕೊನೆಗೆ ಮಗುವಿನತ್ತ ಕೈ ಚಾಚಿದಳು. ಅತ್ತೆ ಎದ್ದು, ತಾವೇ ಮಗುವನ್ನೆತ್ತಿ, ಪ್ಲಾಸ್ಟರ್ ಕಾಲು ಎರಡನ್ನೂ ಅಂಗೈಯಲ್ಲಿ ಆನಿಸಿಕೊಂಡು, ಒಳಗೆ ನಡೆದರು. ನಾನು ಬೈಯುತ್ತಲೇ ಹಿಂದೆ ಹೋದೆ.